ಬಿರುಕು ಬಿಟ್ಟ ಸಿಲಿಂಡರ್ ಹೆಡ್: ವೆಲ್ಡಿಂಗ್ ಸಾಕಾ, ಬೇರೆ ಹೆಡ್ಡೇ ಬೇಕಾ?

ಸಿಲಿಂಡರ್ ಹೆಡ್ ಅಂದರೆ ಎಂಜಿನ್ ಬ್ಲಾಕ್ ಮೇಲೆ ಕೂತು ಸಿಲಿಂಡರ್‌ಗಳನ್ನು ಮುಚ್ಚುವ, ವಾಲ್ವ್‌ಗಳಿರುವ ಲೋಹದ ಭಾಗ. ಅದು ಕ್ರ್ಯಾಕ್ ಆಗಿದೆ ಎಂದು ಮೆಕ್ಯಾನಿಕ್ ಹೇಳಿದ ಕೂಡಲೇ ಬಾಯಿಗೆ ಬರುವ ಪ್ರಶ್ನೆ, ‘ಹೊಸದಕ್ಕೆ ಎಷ್ಟಾಗುತ್ತೆ?’ ಸಹಜವೇ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ: ಎಂಜಿನ್ ಯಾಕೆ ಕಾಯಿತು? ಹೆಡ್ ತಾನಾಗಿ ಒಡೆಯುವುದು ಕಡಿಮೆ. ಬಹುಪಾಲು ಸಲ ಅದಕ್ಕೂ ಮೊದಲು ಎಂಜಿನ್ ಅತಿಯಾಗಿ ಕಾದಿರುತ್ತದೆ. ಆ ಕಾರಣವನ್ನು ಹಾಗೇ ಬಿಟ್ಟರೆ ಎಷ್ಟೇ ಒಳ್ಳೆಯ ಹೆಡ್ ತಂದು ಕೂರಿಸಿದರೂ ಅದೂ ಒಡೆಯುತ್ತದೆ.

ಲೆಕ್ಕ ಹಾಕುವಾಗ ಇನ್ನೊಂದು ವಿಷಯ ನೆನಪಿರಲಿ. ಹೆಡ್ ಇಳಿಸಿ ಮತ್ತೆ ಏರಿಸುವ ಕೂಲಿ, ಯಾವ ಹೆಡ್ ಹಾಕಿದರೂ ಹೆಚ್ಚುಕಮ್ಮಿ ಒಂದೇ. ಮ್ಯಾನಿಫೋಲ್ಡ್ ಬಿಚ್ಚಬೇಕು, ಟೈಮಿಂಗ್ ಬೆಲ್ಟ್ ಅಥವಾ ಚೈನ್ ತೆಗೆಯಬೇಕು, ಗ್ಯಾಸ್ಕೆಟ್ ಸೆಟ್, ಬೋಲ್ಟ್, ಆಯಿಲ್, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಎಲ್ಲ ಹೊಸದಾಗಿ ಬೇಕು. ಹೆಡ್‌ನಲ್ಲಿ ಸ್ವಲ್ಪ ಉಳಿಸಿ, ಆಮೇಲೆ ಅದನ್ನೇ ಮತ್ತೆ ಇಳಿಸಬೇಕಾಗಿ ಬಂದರೆ ಉಳಿಸಿದ್ದಕ್ಕಿಂತ ಜಾಸ್ತಿ ಹೋಗುತ್ತದೆ. ಹಾಗಾಗಿ ಕೆಳಗಿನ ಆಯ್ಕೆಗಳನ್ನು ನಾನು ಬೆಲೆಯಿಂದ ಅಳೆಯುವುದಿಲ್ಲ. ಎಂಜಿನ್ ಮತ್ತೆ ಬಿಚ್ಚಬೇಕಾಗುವ ಸಾಧ್ಯತೆ ಯಾವುದರಲ್ಲಿ ಎಷ್ಟು ಎಂದು ನೋಡುತ್ತೇನೆ.

ಬಿರುಕೋ, ಬರೀ ಗ್ಯಾಸ್ಕೆಟ್ಟೋ?

ಹೆಡ್‌ಗೂ ಬ್ಲಾಕ್‌ಗೂ ನಡುವೆ ಸೀಲ್ ಆಗಿ ಕೂರುವ ಹೆಡ್ ಗ್ಯಾಸ್ಕೆಟ್ ಹೋದರೂ ಹೆಡ್ ಸೀಳಿದರೂ ಹೊರಗೆ ಕಾಣುವ ಲಕ್ಷಣ ಒಂದೇ ತರ. ಎಲ್ಲೂ ಸೋರದೆ ಕೂಲೆಂಟ್ ಕಮ್ಮಿಯಾಗುವುದು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುವುದು. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರ್‌ನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು. ಎಕ್ಸ್‌ಪಾನ್ಶನ್ ಟ್ಯಾಂಕ್‌ನಲ್ಲಿ ಬಿಡದೆ ಗುಳ್ಳೆ ಏಳುವುದು. ಎಂಜಿನ್ ಆಯಿಲ್ ಹಾಲು ಬೆರೆಸಿದ ಹಾಗೆ ಕಾಣುವುದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಿಲಿಂಡರ್ ಕೆಲ ಕ್ಷಣ ಮಿಸ್ ಹೊಡೆದು ಆಮೇಲೆ ಸರಿಹೋಗುವುದು. ಪ್ಲಗ್‌ಗಳನ್ನು ಬಿಚ್ಚಿ ನೋಡಿದಾಗ ಅದರಲ್ಲಿ ಒಂದು ಮಾತ್ರ ಹಬೆಯಲ್ಲಿ ತೊಳೆದಷ್ಟು ಶುಭ್ರವಾಗಿದ್ದರೆ, ನೀರು ಇಳಿಯುತ್ತಿರುವುದು ಆ ಸಿಲಿಂಡರ್‌ಗೇ ಎಂದು ಅನುಮಾನಿಸಬೇಕು.

ಆಯಿಲ್ ತುಂಬುವ ಮುಚ್ಚಳದ ಕೆಳಗೆ ಕೆನೆ ಕಂಡ ಮಾತ್ರಕ್ಕೆ ಗಾಬರಿ ಬೇಡ. ದಿನಾ ಹತ್ತಿರದ ಓಡಾಟಕ್ಕಷ್ಟೇ ಬಳಸುವ ಗಾಡಿಯಲ್ಲಿ ತೇವ ಕೂತು ಹಾಗಾಗುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣ ಕಂಡರೆ ಮಾತ್ರ ಯೋಚನೆ.

ಹೆಡ್ ಇಳಿಸುವ ಮೊದಲೇ ಮಾಡಿಸಬಹುದಾದ ಪರೀಕ್ಷೆಗಳಿವೆ. ಒಂದರಲ್ಲಿ ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರ್‌ನ ಸುಟ್ಟ ಗ್ಯಾಸ್ ಅದರಲ್ಲಿ ಬೆರೆತಿದ್ದರೆ ಬಣ್ಣ ಬದಲಾಗುತ್ತದೆ, ಪೆಟ್ರೋಲ್ ಎಂಜಿನ್ ಆದರೆ ಹಳದಿಗೆ ತಿರುಗುತ್ತದೆ. ಇನ್ನೊಂದರಲ್ಲಿ ಕೂಲಿಂಗ್ ಸಿಸ್ಟಂಗೆ ಕೈಪಂಪಿನಿಂದ ಒತ್ತಡ ಕೊಟ್ಟು ಮೀಟರಿನ ಮುಳ್ಳು ಇಳಿಯುತ್ತದಾ ನೋಡುತ್ತಾರೆ. ಮೂರನೆಯದು ಲೀಕ್‌ಡೌನ್ ಟೆಸ್ಟ್. ಪ್ರತಿ ಸಿಲಿಂಡರ್‌ಗೂ ಗಾಳಿ ತುಂಬಿ ಅದು ಎಲ್ಲಿಂದ ತಪ್ಪಿಸಿಕೊಳ್ಳುತ್ತದೆ ಎಂದು ಹುಡುಕುತ್ತಾರೆ. ಒಳಗೆ ಸೋರಿಕೆ ಇದೆಯಾ, ಇದ್ದರೆ ಯಾವ ಸಿಲಿಂಡರ್‌ನಲ್ಲಿ ಎನ್ನುವುದು ಇವುಗಳಿಂದ ಗೊತ್ತಾಗುತ್ತದೆ. ಸೋರುತ್ತಿರುವುದು ಗ್ಯಾಸ್ಕೆಟ್ಟಿನಿಂದಲೋ ಬಿರುಕಿನಿಂದಲೋ ಎನ್ನುವುದು ಹೆಡ್ ಇಳಿಸಿದ ಮೇಲೇ ಖಚಿತ. ಆದ್ದರಿಂದ ಹೆಡ್ ಇನ್ನೂ ಎಂಜಿನ್ ಮೇಲಿರುವಾಗಲೇ ಹೊಸದಕ್ಕೆ ಆರ್ಡರ್ ಕೊಡಬೇಡಿ.

ಹೆಡ್ ಇಳಿಸಿದ ಮೇಲೆ ಅಳತೆ

ಈ ಹಂತದಲ್ಲೇ ನಿಜವಾದ ತೀರ್ಮಾನ ಆಗುವುದು. ಎಷ್ಟೋ ಕಡೆ ಅವಸರದಲ್ಲಿ ಹಾರಿಸಿಬಿಡುವುದೂ ಇದನ್ನೇ. ‘ಮೇಲೆ ಫೇಸಿಂಗ್ ಹೊಡೆಸಿ, ಗ್ಯಾಸ್ಕೆಟ್ ಹಾಕಿ ಕೊಡ್ತೀವಿ’ ಎಂದರೆ ಒಪ್ಪಬೇಡಿ. (ಫೇಸಿಂಗ್ ಅಂದರೆ ಹೆಡ್‌ನ ಮುಖವನ್ನು ಮೆಷಿನ್‌ನಲ್ಲಿ ತೆಳುವಾಗಿ ಕೆತ್ತಿ ಚಪ್ಪಟೆ ಮಾಡುವುದು.) ಮೊದಲು ಹೆಡ್ ಮೆಷಿನ್ ಶಾಪ್‌ಗೆ ಹೋಗಲಿ.

ಅಲ್ಲಿ ಕೇಳಬೇಕಾದ ಮೊದಲ ಪರೀಕ್ಷೆ ಪ್ರೆಶರ್ ಟೆಸ್ಟ್. ಹೆಡ್‌ನ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎಲ್ಲಿ ಬಂತೋ ಅಲ್ಲಿ ಬಿರುಕು. ನೀರು ಬಿಸಿಯೇ ಇರಬೇಕು, ಯಾಕೆಂದರೆ ಕೆಲವು ಬಿರುಕು ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುತ್ತವೆ. ಇದರ ಜೊತೆಗೆ ಬಣ್ಣ ಹಚ್ಚಿ ನೋಡುವ ಡೈ ಪೆನೆಟ್ರೆಂಟ್ ವಿಧಾನವೂ ಇದೆ. ಎರಕದ ಕಬ್ಬಿಣದ ಹೆಡ್‌ಗೆ ಅಯಸ್ಕಾಂತ ಮತ್ತು ಕಬ್ಬಿಣದ ಪುಡಿ ಬಳಸುತ್ತಾರೆ. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯುವುದಿಲ್ಲ, ಅಲ್ಲಿ ಬಣ್ಣವೇ ಗತಿ. ಇವೆರಡೂ ಮೇಲ್ಮೈಯ ಬಿರುಕನ್ನು ತೋರಿಸುತ್ತವೆ. ಒಳಗಿನ ಪೋರ್ಟ್‌ನಲ್ಲಿ (ಗಾಳಿ, ಹೊಗೆ ಹೋಗುವ ದಾರಿ) ಅಡಗಿರುವುದನ್ನು ಪ್ರೆಶರ್ ಟೆಸ್ಟೇ ಹಿಡಿಯಬೇಕು. ಒಂದೇ ಪರೀಕ್ಷೆ ಮಾಡಿಸುವುದಾದರೆ ಪ್ರೆಶರ್ ಟೆಸ್ಟ್ ಮಾಡಿಸಿ.

ಬಿರುಕು ಬೀಳುವ ಜಾಗಗಳೂ ಹೆಚ್ಚಾಗಿ ಗೊತ್ತಿರುವಂಥವೇ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ಸೀಟ್‌ಗಳ ನಡುವಿನ ಸಣ್ಣ ಪಟ್ಟಿ, ಸೀಟ್‌ನಿಂದ ಸ್ಪಾರ್ಕ್ ಪ್ಲಗ್ ತೂತಿಗೆ, ಡೀಸೆಲ್ ಆದರೆ ಇಂಜೆಕ್ಟರ್ ತೂತಿಗೆ ಹೋಗುವ ಜಾಗ. ಲೋಹ ಅಲ್ಲಿ ತೆಳು, ಶಾಖ ಜಾಸ್ತಿ. ಕೆಲವು ಡೀಸೆಲ್ ಹೆಡ್‌ಗಳಲ್ಲಿ ಸೀಟ್‌ಗಳ ನಡುವಿನ ಕೂದಲೆಳೆಯಂಥ ಬಿರುಕನ್ನು, ಇಂತಿಷ್ಟು ಅಗಲ ಮೀರದಿದ್ದರೆ ಪರವಾಗಿಲ್ಲ ಎಂದು ತಯಾರಕರೇ ಮ್ಯಾನುಯಲ್‌ನಲ್ಲಿ ಬರೆದಿರುತ್ತಾರೆ. ಅದನ್ನು ನೋಡದೆ ಒಳ್ಳೆಯ ಹೆಡ್ ಎಸೆದವರೂ ಇದ್ದಾರೆ.

ಆಮೇಲೆ ಸೊಟ್ಟ. ಅಲ್ಯೂಮಿನಿಯಂ ಕಾದಾಗ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕ್ ಮೇಲೆ ಬೋಲ್ಟ್‌ಗಳಿಂದ ಬಿಗಿದ ಅಲ್ಯೂಮಿನಿಯಂ ಹೆಡ್‌ಗೆ ಉದ್ದಕ್ಕೆ ಹಿಗ್ಗಲು ಜಾಗವಿಲ್ಲ. ಮಿತಿ ಮೀರಿ ಕಾದಾಗ ಅದು ನಡುವೆ ಉಬ್ಬಿ ಬಾಳೆಹಣ್ಣಿನ ಆಕಾರಕ್ಕೆ ಬಾಗುತ್ತದೆ. ನೇರ ಪಟ್ಟಿ ಮತ್ತು ಫೀಲರ್ ಗೇಜ್ ಹಿಡಿದು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಅಳೆಯಬೇಕು. ಬಹಳಷ್ಟು ಎಂಜಿನ್‌ಗಳಲ್ಲಿ ಮಿತಿ 0.05 ರಿಂದ 0.1 ಮಿ.ಮೀ. ಆಸುಪಾಸು ಇರುತ್ತದೆ. ನಿಮ್ಮ ಎಂಜಿನ್‌ನ ಅಂಕಿ ಮ್ಯಾನುಯಲ್‌ನಲ್ಲಿ ಸಿಗುತ್ತದೆ, ಕೊನೆಗೆ ಅದೇ ಲೆಕ್ಕ.

ಕ್ಯಾಮ್‌ಶಾಫ್ಟ್ ಹೆಡ್‌ನ ಮೇಲೇ ಕೂರುವ ಎಂಜಿನ್‌ಗಳಲ್ಲಿ ಕೆಳಗಿನ ಮುಖ ಮಾತ್ರ ಚಪ್ಪಟೆ ಮಾಡಿದರೆ ಸಾಲದು. ಹೆಡ್ ಬಾಗಿದ್ದರೆ ಕ್ಯಾಮ್ ತಿರುಗುವ ಸಾಲೂ ಬಾಗಿರುತ್ತದೆ. ಕೆಳಗೆ ಫೇಸಿಂಗ್ ಆಗಿ ನೋಡಲು ಚೆಂದ ಕಾಣುತ್ತದೆ, ಮೇಲೆ ಕ್ಯಾಮ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅಂಥ ಹೆಡ್ಡನ್ನು ಮೊದಲು ಓವನ್‌ನಲ್ಲಿ ಕಾಯಿಸಿ ನೆಟ್ಟಗೆ ಮಾಡಿ, ಆಮೇಲೆ ಫೇಸಿಂಗ್‌ಗೆ ಹಾಕಬೇಕು. ಈ ಸೌಲಭ್ಯ ಎಲ್ಲ ಮೆಷಿನ್ ಶಾಪ್‌ನಲ್ಲೂ ಇರುವುದಿಲ್ಲ, ಕೇಳಿ ನೋಡಿ.

ಮೂರನೆಯದು ಗಡಸುತನ. ಅತಿಯಾಗಿ ಕಾದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ. ಕಣ್ಣಿಗೆ ಇದು ಕಾಣುವುದಿಲ್ಲ. ಬಿಗಿದ ಮೇಲೆ ಗ್ಯಾಸ್ಕೆಟ್‌ನ ಉಂಗುರ ಮೆತ್ತನೆ ಲೋಹದೊಳಗೆ ಇಳಿಯುತ್ತದೆ, ಬಿಗಿ ಸಡಿಲವಾಗುತ್ತದೆ, ಸ್ವಲ್ಪ ದಿನದಲ್ಲೇ ಮತ್ತೆ ಸೋರಿಕೆ. ‘ಹೆಡ್ ಫೇಸಿಂಗ್ ಆಯ್ತು, ಗ್ಯಾಸ್ಕೆಟ್ ಹೊಸದು, ಆದರೂ ಮತ್ತೆ ಹೋಯ್ತು’ ಎನ್ನುವ ಪ್ರಕರಣಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಗಡಸುತನ ಅಳೆಯುವ ಉಪಕರಣ ಇರುವಲ್ಲಿ ಮರೆಯದೆ ಅಳೆಸಿ. ಮೆತ್ತಗಾಗಿದ್ದರೆ ಆ ಹೆಡ್‌ನ ಆಸೆ ಬಿಡಿ. ಅದರ ಮೇಲೆ ವೆಲ್ಡಿಂಗ್, ಫೇಸಿಂಗ್ ಎಲ್ಲ ದಂಡ.

ಆಯ್ಕೆಗಳು ಒಂದೊಂದಾಗಿ

*ಬಾಟಲಿಯ ಸೀಲರ್.* ರೇಡಿಯೇಟರ್‌ಗೆ ಸುರಿದರೆ ಬಿರುಕು ಮುಚ್ಚುತ್ತದೆ ಎನ್ನುವ ದ್ರವಗಳು. ಇವುಗಳಲ್ಲಿ ಹಲವಕ್ಕೆ ಸೋಡಿಯಂ ಸಿಲಿಕೇಟ್ ಆಧಾರ. ಬಿಸಿ ಜಾಗದಲ್ಲಿ ನೀರಿನಂಶ ಆರಿ, ಗಾಜಿನಂಥ ಪದರವಾಗಿ ಗಟ್ಟಿಯಾಗುತ್ತದೆ. ಸಣ್ಣ ಸೋರಿಕೆ ಸ್ವಲ್ಪ ಕಾಲ ನಿಲ್ಲಲೂಬಹುದು. ಆದರೆ ಅದಕ್ಕೆ ಬಿರುಕು ಯಾವುದು, ಹೀಟರ್‌ನ ಸಣ್ಣ ಕೊಳವೆ ಯಾವುದು ಎಂಬ ಭೇದವಿಲ್ಲ. ರೇಡಿಯೇಟರ್ ಕಟ್ಟಿಕೊಂಡರೆ ಎಂಜಿನ್ ಇನ್ನೂ ಜಾಸ್ತಿ ಕಾಯುತ್ತದೆ. ಇನ್ನೇನು ಗುಜರಿಗೆ ಹಾಕುವ ಗಾಡಿಯನ್ನು ಕೊನೆಯ ಸಲ ಓಡಿಸಲು ಸರಿ. ಉಳಿಸಿಕೊಳ್ಳಬೇಕಾದ ಎಂಜಿನ್‌ಗೆ ನಾನಂತೂ ಹಾಕುವುದಿಲ್ಲ. ಮುಂದೆ ರಿಪೇರಿ ಮಾಡಿಸುವಾಗ ರೇಡಿಯೇಟರನ್ನೂ ಬದಲಿಸಬೇಕಾಗುವ ಅಪಾಯ ಇದೆ.

*ಇರುವ ಹೆಡ್ಡನ್ನೇ ರಿಪೇರಿ ಮಾಡಿಸುವುದು.* ಇಲ್ಲಿ ಲೋಹ ಯಾವುದು ಎನ್ನುವುದೇ ಮುಖ್ಯ. ಅಲ್ಯೂಮಿನಿಯಂ ಆದರೆ ಬಿರುಕನ್ನು ಕೊರೆದು ವಿ ಆಕಾರದ ಕಾಲುವೆ ಮಾಡಿ, ಹೆಡ್ಡನ್ನು ಕಾಯಿಸಿ, ಟಿಗ್ ವೆಲ್ಡಿಂಗ್‌ನಲ್ಲಿ ತುಂಬುತ್ತಾರೆ. ಲೋಹದ ಸಣ್ಣ ರಂಧ್ರಗಳಲ್ಲಿ ಕೂತ ಆಯಿಲ್ ಮತ್ತು ಕೂಲೆಂಟ್ ಪೂರ್ತಿ ಹೋಗಿರದಿದ್ದರೆ ವೆಲ್ಡಿಂಗ್‌ನಲ್ಲಿ ಗುಳ್ಳೆ ಉಳಿಯುತ್ತದೆ. ವೆಲ್ಡಿಂಗ್ ಮುಗಿದರೆ ಕೆಲಸ ಮುಗಿಯಲಿಲ್ಲ. ಆ ಶಾಖಕ್ಕೆ ಹೆಡ್ ಸೊಟ್ಟಗಾಗಿರಬಹುದು, ಹಾಗಾಗಿ ಫೇಸಿಂಗ್ ಬೇಕು. ವಾಲ್ವ್ ಸೀಟ್ ಪಕ್ಕದಲ್ಲೇ ವೆಲ್ಡಿಂಗ್ ಆಗಿದ್ದರೆ ಹೊಸ ಸೀಟ್ ಕೂರಿಸಿ ಕಟಿಂಗ್ ಮಾಡಬೇಕು. ಕೊನೆಗೆ ಮತ್ತೊಮ್ಮೆ ಪ್ರೆಶರ್ ಟೆಸ್ಟ್. ಈ ಕೊನೆಯದು ಇಲ್ಲದ ವೆಲ್ಡಿಂಗ್‌ಗೆ ದುಡ್ಡು ಕೊಡಬೇಡಿ.

ಎರಕದ ಕಬ್ಬಿಣದ ಸ್ವಭಾವ ಬೇರೆ. ಅದನ್ನು ತಣ್ಣಗಿರುವಾಗಲೇ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಏಳುವುದು ಮಾಮೂಲು. ಇಡೀ ಹೆಡ್ಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ವೆಲ್ಡ್ ಮಾಡಿ, ನಿಧಾನಕ್ಕೆ ಆರಲು ಬಿಡಬೇಕು. ಅದಕ್ಕೆ ಪಳಗಿದ ಕೈ ಬೇಕು. ಬದಲಿಗೆ ಮೆಟಲ್ ಸ್ಟಿಚಿಂಗ್ ಇದೆ: ಬಿರುಕಿನ ಉದ್ದಕ್ಕೂ ತೂತು ಕೊರೆದು, ಸ್ಕ್ರೂ ತರ ಥ್ರೆಡ್ ಇರುವ ಪಿನ್‌ಗಳನ್ನು ಒಂದರ ಮೇಲೊಂದು ಸೇರುವಂತೆ ಬಿಗಿಯುತ್ತಾರೆ. ಶಾಖವೇ ಇಲ್ಲ, ಹಾಗಾಗಿ ಸೊಟ್ಟವೂ ಇಲ್ಲ. ದೊಡ್ಡ ಡೀಸೆಲ್, ಟ್ರ್ಯಾಕ್ಟರ್, ಜನರೇಟರ್ ಎಂಜಿನ್‌ಗಳ ಕಬ್ಬಿಣದ ಹೆಡ್‌ಗೆ ನನ್ನ ಮತ ಸ್ಟಿಚಿಂಗ್‌ಗೇ.

ರಿಪೇರಿ ಯಾವಾಗ ಸರಿ? ಹೆಡ್ ಸುಲಭವಾಗಿ ಸಿಗದಿದ್ದಾಗ, ಹಳೆಯ ಅಪರೂಪದ ಎಂಜಿನ್ ಆದಾಗ, ಬಿರುಕು ಒಂದೇ ಇದ್ದು ಕೈಗೆಟುಕುವ ಜಾಗದಲ್ಲಿದ್ದಾಗ, ಗಡಸುತನ ಸರಿಯಿದ್ದಾಗ. ಮೂರ್ನಾಲ್ಕು ಕಡೆ ಸೀಳಿದ ಹೆಡ್ಡಿನಲ್ಲಿ ಒಂದೊಂದೇ ತೇಪೆ ಹಾಕುತ್ತಾ ಹೋದರೆ ಮುಗಿಯುವುದೇ ಇಲ್ಲ.

*ಸೆಕೆಂಡ್ ಹ್ಯಾಂಡ್ ಹೆಡ್.* ಬಿಚ್ಚಿದ ಗಾಡಿಯಿಂದ ಬಂದಿದ್ದು. ಬೆಲೆ ಆಸೆ ಹುಟ್ಟಿಸುತ್ತದೆ. ಆದರೆ ಆ ಗಾಡಿ ಗುಜರಿಗೆ ಯಾಕೆ ಬಂತು? ಅಪಘಾತ ಆಗಿ ಬಂದಿದ್ದರೆ ಹೆಡ್ ಚೆನ್ನಾಗಿರಬಹುದು. ಎಂಜಿನ್ ಕಾದು ನಿಂತು ಬಂದಿದ್ದರೆ ನಿಮ್ಮ ಹೆಡ್‌ನ ತೊಂದರೆ ಅದಕ್ಕೂ ಇರುತ್ತದೆ. ಸಾಧ್ಯವಾದರೆ ಹೆಡ್ ಇನ್ನೂ ಎಂಜಿನ್ ಮೇಲೇ ಇರುವಾಗ ನೋಡಿ. ಕೂಲೆಂಟ್ ಟ್ಯಾಂಕ್‌ನ ಒಳಗೆ ತುಕ್ಕಿನ ಕೆಸರಿದೆಯಾ, ಆಯಿಲ್‌ನ ಬಣ್ಣ ಹೇಗಿದೆ ಎನ್ನುವುದು ಮಾರುವವರ ಮಾತಿಗಿಂತ ಹೆಚ್ಚು ತಿಳಿಸುತ್ತದೆ. ಎರಕದ ನಂಬರ್ (ಹೆಡ್ ಮೇಲೆ ಅಚ್ಚಾಗಿರುವ ಸಂಖ್ಯೆ) ಹೋಲಿಸಿ. ಒಂದೇ ಎಂಜಿನ್‌ನಲ್ಲೂ ಬೇರೆ ಬೇರೆ ವರ್ಷಕ್ಕೆ ಪೋರ್ಟ್, ಸೆನ್ಸರ್ ತೂತು, ದಹನಕೋಣೆಯ ಗಾತ್ರ ಬದಲಾಗಿರುತ್ತದೆ. ಪ್ರೆಶರ್ ಟೆಸ್ಟ್‌ನಲ್ಲಿ ಸೋತರೆ ವಾಪಸ್ ತಗೊಳ್ಳುತ್ತೇವೆ ಎಂಬ ಮಾತು ಮೊದಲೇ ಆಗಿರಲಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ರೆಶರ್ ಟೆಸ್ಟ್, ಫೇಸಿಂಗ್, ವಾಲ್ವ್ ಕೆಲಸ, ಹೊಸ ಸ್ಟೆಮ್ ಸೀಲ್ ಎಲ್ಲ ಸೇರಿಸಿ ನೋಡಿದರೆ, ಇದು ರೀಕಂಡಿಶನ್ ಹೆಡ್‌ನ ಬೆಲೆಗೆ ಹತ್ತಿರ ಬರುವುದೂ ಉಂಟು.

*ರೀಕಂಡಿಶನ್ ಹೆಡ್.* ಹಳೆಯ ಹೆಡ್ಡನ್ನೇ ತೊಳೆದು, ಟೆಸ್ಟ್ ಮಾಡಿ, ಗೈಡ್, ಸೀಟ್, ವಾಲ್ವ್, ಸೀಲ್ ಸರಿಪಡಿಸಿ ಕೊಡುವುದು. ಅನೇಕ ಕಡೆ ನಿಮ್ಮ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಕಳೆಯುತ್ತಾರೆ. ಪೂರ್ತಿ ಒಡೆದಿದ್ದರೆ ಕಳೆಯದೇ ಇರಬಹುದು, ಮೊದಲೇ ಕೇಳಿ. ಸಾಮಾನ್ಯವಾಗಿ ಎಲ್ಲೆಡೆ ಓಡುವ ಮಾಡೆಲ್ ಆಗಿದ್ದರೆ, ಬಹಳ ಮಂದಿಗೆ ಇದೇ ಸರಿಯಾದ ಆಯ್ಕೆ ಎನ್ನುವುದು ನನ್ನ ಅಭಿಪ್ರಾಯ. ಆದರೆ ‘ರೀಕಂಡಿಶನ್’ ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ಹೆಡ್‌ನ ಈಗಿನ ಎತ್ತರ ಎಷ್ಟು? ಕಂಪನಿಯ ಕನಿಷ್ಠ ಎತ್ತರಕ್ಕಿಂತ ಕೆಳಗಿಳಿದಿದೆಯಾ? ಪ್ರೆಶರ್ ಟೆಸ್ಟ್ ಆಗಿದೆಯಾ? ಒಳಗೆ ವೆಲ್ಡಿಂಗ್ ಆಗಿದೆಯಾ? ನೇರವಾಗಿ ಉತ್ತರಿಸುವವರ ಹತ್ತಿರ ಕೊಳ್ಳಿ.

ಎತ್ತರದ ಪ್ರಶ್ನೆ ಸುಮ್ನೆ ಕೇಳುತ್ತಿಲ್ಲ. ಫೇಸಿಂಗ್ ಜಾಸ್ತಿಯಾದಷ್ಟೂ ಕಂಪ್ರೆಶನ್ ಏರುತ್ತದೆ, ವಾಲ್ವ್ ಪಿಸ್ಟನ್‌ಗೆ ಹತ್ತಿರವಾಗುತ್ತದೆ, ಟೈಮಿಂಗ್‌ನಲ್ಲೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಕೆಲವು ಡೀಸೆಲ್ ಹೆಡ್‌ಗಳಿಗೆ ಫೇಸಿಂಗ್ ಮಾಡಲೇಬಾರದು ಎಂದು ತಯಾರಕರು ಹೇಳಿರುತ್ತಾರೆ. ಡೀಸೆಲ್‌ನಲ್ಲಿ ಗ್ಯಾಸ್ಕೆಟ್‌ಗೂ ಬೇರೆ ಬೇರೆ ದಪ್ಪ ಇರುತ್ತದೆ. ಪಿಸ್ಟನ್ ಬ್ಲಾಕ್‌ಗಿಂತ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು, ಅಂಚಿನ ಕಚ್ಚು ಅಥವಾ ತೂತಿನ ಗುರುತು ನೋಡಿ ಆರಿಸಬೇಕು.

*ಹೊಸ ಹೆಡ್.* ಇದರಲ್ಲಿ ಎರಡು ತರ: ಗಾಡಿ ಕಂಪನಿಯದು, ಹೊರಗಿನ ತಯಾರಕರದು. ಕಂಪನಿಯದರಲ್ಲಿ ಅಳತೆಯ ಭರವಸೆ ಇರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಹೊರಗಿನದರಲ್ಲಿ ಎರಕದ ಗುಣಮಟ್ಟ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಕೆಲವು ಮೂಲ ಹೆಡ್‌ನ ದುರ್ಬಲ ಜಾಗಕ್ಕೆ ಲೋಹ ಸೇರಿಸಿ ಗಟ್ಟಿ ಮಾಡಿದವೂ ಇವೆ, ಒಳಗಿನ ನೀರಿನ ದಾರಿಯಲ್ಲಿ ಎರಕದ ಮರಳು ಉಳಿದವೂ ಇವೆ. ಹೊಸದೇ ಆದರೂ ಏರಿಸುವ ಮುಂಚೆ ದಾರಿಗಳನ್ನು ತೊಳೆಸಿ, ಮುಖದ ಚಪ್ಪಟೆ ಅಳೆಸಿ. ಇನ್ನೊಂದು ಗಮನಿಸಿ: ಬರೀ ಎರಕ ಮಾತ್ರವೋ, ವಾಲ್ವ್, ಸ್ಪ್ರಿಂಗ್, ಕ್ಯಾಮ್ ಎಲ್ಲ ಜೋಡಿಸಿದ್ದೋ? ಬರೀ ಎರಕ ಅಗ್ಗ ಅನಿಸುತ್ತದೆ. ಹಳೆಯ ವಾಲ್ವ್‌ಗಳನ್ನು ಹೊಸ ಸೀಟ್‌ಗೆ ಹೊಂದಿಸುವ ಕೂಲಿ ಸೇರಿಸಿದ ಮೇಲೆ ಹೋಲಿಸಿ.

*ಇಡೀ ಎಂಜಿನ್ ಬದಲಿಸುವುದು.* ಕಾದಿದ್ದು ಹೆಡ್ ಮಾತ್ರ ಅಲ್ಲ, ಕೆಳಗಿನ ಭಾಗವೂ. ಬೋರ್‌ನಲ್ಲಿ (ಪಿಸ್ಟನ್ ಓಡುವ ಸಿಲಿಂಡರ್‌ನ ಒಳಗೋಡೆ) ಗೀರು ಬಿದ್ದಿದ್ದರೆ, ಪಿಸ್ಟನ್ ರಿಂಗ್ ಬಿಗಿತ ಕಳೆದುಕೊಂಡಿದ್ದರೆ, ಕೂಲೆಂಟ್ ಬೆರೆತ ಆಯಿಲ್‌ನಲ್ಲಿ ಬಹಳ ಓಡಿಸಿ ಬೇರಿಂಗ್ ಸವೆದಿದ್ದರೆ, ಮೇಲೆ ಹೊಸ ಹೆಡ್ ಹಾಕಿ ಪ್ರಯೋಜನವಿಲ್ಲ. ಬ್ಲಾಕ್‌ನ ಮುಖವೂ ಸೊಟ್ಟವಾಗಿರಬಹುದು, ಅದನ್ನೂ ಪಟ್ಟಿ ಇಟ್ಟು ಅಳೆಯಬೇಕು. ಹೆಡ್ ಕೆಲಸಕ್ಕೆ ಕೈ ಹಾಕುವ ಮೊದಲು ಬೋರ್ ನೋಡಿ ಎಂದು ಮೆಕ್ಯಾನಿಕ್‌ಗೆ ಹೇಳಿ. ನೀವೂ ಪಕ್ಕದಲ್ಲಿ ನಿಂತು ನೋಡಿ.

ಇಷ್ಟರಲ್ಲಿ ನಾನು ಆರಿಸುವುದು ಹೀಗೆ. ಹೆಚ್ಚು ವರ್ಷ ಇಟ್ಟುಕೊಳ್ಳುವ ಗಾಡಿ, ಕೆಳಭಾಗ ಗಟ್ಟಿ: ಟೆಸ್ಟ್ ಆದ ರೀಕಂಡಿಶನ್ ಅಥವಾ ಜೋಡಿಸಿದ ಹೊಸ ಹೆಡ್. ಅಪರೂಪದ ಎಂಜಿನ್, ಒಂದೇ ಬಿರುಕು: ರಿಪೇರಿ. ಕೆಳಭಾಗ ಅನುಮಾನ: ಮೊದಲು ಕಂಪ್ರೆಶನ್ ಮತ್ತು ಬೇರಿಂಗ್ ನೋಡಿ, ಆಮೇಲೆ ಹೆಡ್‌ನ ಮಾತು. ಸೆಕೆಂಡ್ ಹ್ಯಾಂಡ್ ಹೆಡ್ ಎಲ್ಲಕ್ಕಿಂತ ಕೊನೆಗೆ, ಅದೂ ಟೆಸ್ಟ್ ಮಾಡಿಸಿ ಕೊಳ್ಳಲು ಒಪ್ಪಿದರೆ ಮಾತ್ರ.

ಜೋಡಿಸುವಾಗ ಕೆಡುವುದು ಇಲ್ಲೇ

ಒಳ್ಳೆಯ ಹೆಡ್ ತಂದು ಜೋಡಣೆಯಲ್ಲಿ ಹಾಳು ಮಾಡುವುದು ಬಹಳ ಸುಲಭ. ಈಗಿನ ಎಷ್ಟೋ ಎಂಜಿನ್‌ಗಳ ಹೆಡ್ ಬೋಲ್ಟ್ ಮೊದಲು ಇಂತಿಷ್ಟು ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ), ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಬಿಗಿಯುವಂಥವು. ಬಿಗಿದಾಗ ಅವು ಎಳೆದುಕೊಳ್ಳುತ್ತವೆ, ಹಳೆಯ ಉದ್ದಕ್ಕೆ ಮರಳುವುದಿಲ್ಲ. ಒಮ್ಮೆ ಬಳಸಿದ ಮೇಲೆ ಹೊಸದೇ ಬೇಕು. ‘ಬೋಲ್ಟ್ ಚೆನ್ನಾಗಿದೆ ಬಿಡಿ’ ಎಂದರೆ ಕೇಳಬೇಡಿ.

ಬ್ಲಾಕ್‌ನ ಬೋಲ್ಟ್ ತೂತುಗಳಲ್ಲಿ ಆಯಿಲ್ ಅಥವಾ ನೀರು ನಿಂತಿರಬಾರದು. ತಳ ಮುಚ್ಚಿದ ತೂತಿನಲ್ಲಿ ದ್ರವ ಇದ್ದರೆ ಬೋಲ್ಟ್ ಬಿಗಿದಾಗ ಅದು ಹೋಗಲು ದಾರಿಯಿಲ್ಲದೆ ಬ್ಲಾಕ್‌ನ್ನೇ ಸೀಳಬಹುದು. ಬಿಗಿತ ಟಾರ್ಕ್ ರೆಂಚ್‌ನಿಂದ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಮ್ಯಾನುಯಲ್ ಹೇಳಿದ ಕ್ರಮದಲ್ಲಿ. ಹಳೆಯ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರ್‌ಗೆ ಉಜ್ಜುವ ಡಿಸ್ಕ್ ಸಿಕ್ಕಿಸಿ ಹಿಡಿಯುವವರನ್ನು ತಡೆಯಿರಿ. ಮುಖದಲ್ಲಿ ಗುಂಡಿ ಬೀಳುತ್ತದೆ, ಅದರ ಪುಡಿ ಆಯಿಲ್ ದಾರಿ ಸೇರಿ ಬೇರಿಂಗ್ ತಿನ್ನುತ್ತದೆ. ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ ಆದರೆ ಮುಖ ಬಹಳ ನಯ ಇರಬೇಕು. ಮುಖ ಒರಟಾಗಿದ್ದು ಅದರ ಮೇಲೆ ಸೀಲೆಂಟ್ ಮೆತ್ತುವುದು ಪರಿಹಾರವಲ್ಲ.

ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಿದ್ದಾರೆ ಅಲ್ವಾ? ಬೆಲ್ಟ್, ಟೆನ್ಶನರ್, ವಾಟರ್ ಪಂಪ್, ಥರ್ಮೋಸ್ಟಾಟ್ ಈಗಲೇ ಹೊಸದು ಹಾಕಿಸಿ. ಇದರಲ್ಲಿ ಉಳಿಸುವುದು ಜಾಣತನವಲ್ಲ.

ಮತ್ತೆ ಕಾಯದಂತೆ: ಇಲ್ಲೂ ಆಯ್ಕೆಗಳಿವೆ

*ಥರ್ಮೋಸ್ಟಾಟ್ ಇಡುವುದಾ, ತೆಗೆಯುವುದಾ?* ಎಂಜಿನ್ ಕಾದರೆ ಅದನ್ನು ಕಿತ್ತೆಸೆಯುವ ಪದ್ಧತಿ ಇನ್ನೂ ಇದೆ. ಅದರೊಳಗಿನ ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ, ಹೆಚ್ಚಿನ ಎಂಜಿನ್‌ಗಳಲ್ಲಿ 82 ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ. ತೆಗೆದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಇಂಧನ ಜಾಸ್ತಿ ಕುಡಿಯುತ್ತದೆ, ಸವೆತ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯ, ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದೇ ಇಲ್ಲದಿದ್ದರೆ ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ, ಎಂಜಿನ್ ಇನ್ನಷ್ಟು ಕಾಯುತ್ತದೆ. ಅನುಮಾನ ಬಂದರೆ ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಕಾಯಿಸಿ ಯಾವಾಗ ತೆರೆಯುತ್ತದೆ ನೋಡಿ. ಕೆಟ್ಟಿದ್ದರೆ ಅದೇ ಡಿಗ್ರಿಯ ಹೊಸದು ಹಾಕಿ.

*ನೀರಾ, ಕೂಲೆಂಟಾ?* ಶಾಖ ಹೊರುವುದರಲ್ಲಿ ಶುದ್ಧ ನೀರೇ ಮುಂದು, ಅದು ನಿಜ. ಆದರೆ ನೀರು ತುಕ್ಕು ತರುತ್ತದೆ, ಗಡಸು ನೀರಾದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಆ ಪದರ ಶಾಖ ದಾಟಲು ಬಿಡುವುದಿಲ್ಲ, ಅದರ ಹಿಂದಿನ ಲೋಹ ಕಾಯುತ್ತದೆ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ಕುದಿಯುವ ಮಟ್ಟವೂ ಕೆಲವು ಡಿಗ್ರಿ ಏರುತ್ತದೆ, ತುಕ್ಕು ತಡೆಯುವ ಅಂಶವೂ ಸಿಗುತ್ತದೆ. ಚಳಿ ಪ್ರದೇಶದಲ್ಲಿ ಬರೀ ನೀರಿದ್ದರೆ ಇನ್ನೊಂದು ಅಪಾಯ: ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9 ಹಿಗ್ಗಿ, ಎಂಜಿನ್ ಕಾಯದೆಯೇ ಹೆಡ್ ಅಥವಾ ಬ್ಲಾಕ್ ಸೀಳುತ್ತದೆ. ಹಾಗೆಂದು ನೀರು ಬೆರೆಸದೆ ಬರೀ ಗ್ಲೈಕಾಲ್ ತುಂಬುವುದೂ ತಪ್ಪು. ಅದು ಶಾಖ ಹೊರುವುದು ಕಮ್ಮಿ, ಮೈನಸ್ 13 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ.

ಕೂಲೆಂಟ್‌ನ ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎನ್ನುವುದಕ್ಕೆ ಎಲ್ಲ ತಯಾರಕರಿಗೂ ಅನ್ವಯವಾಗುವ ನಿಯಮ ಇಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ ದರ್ಜೆ ಡಬ್ಬಿಯ ಮೇಲೆ ಇದೆಯಾ ನೋಡಿ. ಹಳೆಯ ಸಿಲಿಕೇಟ್ ಮಾದರಿಯದನ್ನು ಸುಮಾರು 2 ವರ್ಷಕ್ಕೊಮ್ಮೆ ಬದಲಿಸಬೇಕು, ಸಾವಯವ ಆಮ್ಲದ ಮಾದರಿ 5 ವರ್ಷದ ತನಕ ಬರುತ್ತದೆ. ಎರಡನ್ನೂ ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಬೇಗ ಹೋಗುತ್ತದೆ. ಕೂಲೆಂಟ್ ವಿಷ, ರುಚಿ ಸಿಹಿ. ಚೆಲ್ಲಿದ್ದನ್ನು ಹಾಗೇ ಬಿಟ್ಟರೆ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ.

*ರೇಡಿಯೇಟರ್ ಮುಚ್ಚಳ.* ಇದರಷ್ಟು ಅಗ್ಗದ, ಇದರಷ್ಟು ಅಸಡ್ಡೆಗೆ ಒಳಗಾದ ಭಾಗ ಇನ್ನೊಂದಿಲ್ಲ. ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ನೀರು 100ರ ಬದಲು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ರಬ್ಬರ್ ಒಣಗಿ ಒತ್ತಡ ಸೋರಿದರೆ ಆ 20 ಡಿಗ್ರಿಯ ರಕ್ಷಣೆ ಹೋಯಿತು. ಹೆಡ್ ಕೆಲಸದ ಜೊತೆ ಹೊಸ ಮುಚ್ಚಳ ಹಾಕಿ. ಜಾಸ್ತಿ ಒತ್ತಡದ್ದು ಒಳ್ಳೆಯದು ಎಂದುಕೊಳ್ಳಬೇಡಿ, ಹಳೆಯ ಹೋಸ್ ಸಿಡಿಯುತ್ತದೆ.

*ರೇಡಿಯೇಟರ್ ಮತ್ತು ಫ್ಯಾನ್.* ಯಾವಾಗ ಕಾಯುತ್ತದೆ ಎನ್ನುವುದೇ ಇಲ್ಲಿ ದಾರಿ ತೋರಿಸುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಕಾದು, ಓಡುವಾಗ ತಣಿದರೆ ಫ್ಯಾನ್ ಕಡೆ ನೋಡಿ: ಮೋಟರ್, ರಿಲೇ, ಸೆನ್ಸರ್, ಹಳೆಯ ಮಾದರಿಯಲ್ಲಿ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ಭಾಗ). ವೇಗದಲ್ಲಿ, ಏರಿನಲ್ಲಿ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಪಂಪ್‌ನ ರೆಕ್ಕೆ ಸವೆದಿರಬಹುದು, ಕೆಳಗಿನ ಹೋಸ್ ಒಳಕ್ಕೆ ಎಳೆದುಕೊಂಡು ಮುಚ್ಚಿರಬಹುದು. ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೂತ ಕಸ ಹೊರಗಿನಿಂದ ಕಾಣುವುದೇ ಇಲ್ಲ. ಅದನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಒಳಗೆ ಫ್ಲಶ್ ಮಾಡಿಸುವುದು ತೆಳು ಕೆಸರಿಗೆ ಸಾಕು. ಗಟ್ಟಿ ಸುಣ್ಣ ಕೂತಿದ್ದರೆ, ಅಥವಾ ಬಿಸಿ ಎಂಜಿನ್‌ನಲ್ಲೂ ರೇಡಿಯೇಟರ್‌ನ ಕೆಲವು ಭಾಗ ತಣ್ಣಗೇ ಇದ್ದರೆ, ಹೊಸದೇ ಹಾಕಿ.

*ಟೆಂಪರೇಚರ್ ಮುಳ್ಳನ್ನು ಎಷ್ಟು ನಂಬಬೇಕು?* ಈಗಿನ ಎಷ್ಟೋ ಗಾಡಿಗಳಲ್ಲಿ ಮುಳ್ಳು ಬೇಕೆಂದೇ ನಡುವೆ ನಿಂತಿರುತ್ತದೆ. ಕೂಲೆಂಟ್ 80 ಇರಲಿ 100 ಇರಲಿ ಅಲುಗುವುದಿಲ್ಲ. ಅದು ಏರಿತು ಎಂದರೆ ಆಗಲೇ ತಡವಾಗಿರುತ್ತದೆ. ಇನ್ನೂ ಕೆಟ್ಟದ್ದು, ನೀರೆಲ್ಲ ಸೋರಿ ಹೋದರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತದೆ, ಮುಳ್ಳು ಕೆಳಗಿಳಿಯುತ್ತದೆ. ಓಡಿಸುವವರು ತಣ್ಣಗಿದೆ ಎಂದುಕೊಳ್ಳುತ್ತಾರೆ, ಒಳಗೆ ಹೆಡ್ ಬೇಯುತ್ತಿರುತ್ತದೆ. ಗಾಡಿಯ ಡಯಾಗ್ನಾಸ್ಟಿಕ್ ಪೋರ್ಟ್‌ಗೆ ಚುಚ್ಚುವ ಸಣ್ಣ ರೀಡರ್ ಕೂಲೆಂಟ್‌ನ ನಿಜವಾದ ಡಿಗ್ರಿ ತೋರಿಸುತ್ತದೆ. ಹೆಡ್‌ನ ಲೋಹಕ್ಕೇ ಬೋಲ್ಟ್‌ನಲ್ಲಿ ಬಿಗಿಯುವ ಸೆನ್ಸರ್ ಇರುವ ಅಲಾರಂ ನೀರು ಖಾಲಿಯಾದಾಗಲೂ ಕೂಗುತ್ತದೆ. ಒಮ್ಮೆ ಹೆಡ್ ಒಡೆದ ಗಾಡಿಗೆ ಈ ಅಲಾರಂ ಹಾಕಿಸುವುದು ಒಳ್ಳೆಯದು. ಭಾರ ಎಳೆಯುವ ಗಾಡಿಗೆ, ಜನರೇಟರ್‌ಗೆ ಇನ್ನೂ ಒಳ್ಳೆಯದು.

ಕಾದುಬಿಟ್ಟರೆ, ಮತ್ತು ಹೊಸ ಹೆಡ್‌ನ ಮೊದಲ ದಿನಗಳು

ದಾರಿಯಲ್ಲಿ ಮುಳ್ಳು ಏರಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ತಿರುಗಿಸಿ. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ‘ಇನ್ನು ಸ್ವಲ್ಪ ದೂರ ಅಷ್ಟೇ’ ಎಂದು ಓಡಿಸಿದಾಗಲೇ ಗ್ಯಾಸ್ಕೆಟ್‌ನಲ್ಲಿ ಮುಗಿಯಬೇಕಾದ್ದು ಹೆಡ್‌ಗೆ ಬರುವುದು. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಹಬೆ ಚಿಮ್ಮಿ ಮುಖ ಕೈ ಸುಡುತ್ತದೆ. ಅರ್ಧ ಗಂಟೆಗಿಂತ ಹೆಚ್ಚೇ ಕಾಯಬೇಕು. ಕೆಂಡವಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ. ಅಲ್ಲಿಯವರೆಗೆ ಸೊಟ್ಟ ಮಾತ್ರ ಆಗಿದ್ದ ಹೆಡ್ ಆ ಏಟಿಗೆ ಸೀಳಬಹುದು.

ಹೊಸ ಹೆಡ್ ಕೂರಿಸಿ ಕೂಲೆಂಟ್ ತುಂಬುವಾಗ ಒಳಗಿನ ಗಾಳಿ ತೆಗೆಯುವುದೇ ದೊಡ್ಡ ಕೆಲಸ. ಗಾಡಿಯ ಮುಂಭಾಗ ಎತ್ತರದಲ್ಲಿರಲಿ, ಹೀಟರ್ ಬಿಸಿಗೆ ತಿರುಗಿಸಿರಲಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆ ನಿಲ್ಲುವವರೆಗೆ ತೆರೆದಿರಲಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವ ತನಕ ಐಡಲ್‌ನಲ್ಲಿ ಬಿಡಿ. ಹೀಟರ್‌ನಿಂದ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಗಾಳಿ ಬರುತ್ತಿದ್ದರೆ ಒಳಗೆ ಇನ್ನೂ ಗಾಳಿ ಇದೆ ಎಂದೇ ಲೆಕ್ಕ. ಕೂಲೆಂಟ್ ಬೆರೆತಿದ್ದ ಎಂಜಿನ್ ಆದರೆ ಕೆಲಸ ಮುಗಿದಾಗ ಹಾಕಿದ ಹೊಸ ಆಯಿಲನ್ನೂ ಬೇಗನೇ ಇನ್ನೊಮ್ಮೆ ಫಿಲ್ಟರ್ ಸಮೇತ ಬದಲಿಸಿ. ಮೊದಲ ಕೆಲವು ವಾರ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಟ್ಯಾಂಕ್‌ನ ಮಟ್ಟ ನೋಡಿ, ಗುರುತು ಹಾಕಿಡಿ. ಮೊದಲ ಒಂದೆರಡು ದಿನ ಉಳಿದ ಗಾಳಿ ಹೊರಬಂದು ಸ್ವಲ್ಪ ಇಳಿಯುವುದು ಸಹಜ. ಅದರ ನಂತರವೂ ಇಳಿಯುತ್ತಲೇ ಇದ್ದರೆ ಮೇಲೆ ಮೇಲೆ ತುಂಬಿಸುತ್ತಾ ಓಡಿಸಬೇಡಿ. ಅದೇ ವಾರ ಪ್ರೆಶರ್ ಟೆಸ್ಟ್ ಮಾಡಿಸಿ, ಕೆಲಸಕ್ಕೆ ಕೊಟ್ಟ ವಾರಂಟಿ ಚೀಟಿಯನ್ನೂ ಜೊತೆಗೆ ತಗೊಂಡು ಹೋಗಿ.